ಕಾಲಿಗೆ ಹಗುರವಾದ ಈಜುರೆಕ್ಕೆ



ನಮ್ಮ ಕುರೆಕುಪ್ಪದ ಕಡೆಯವರಿಗೆ ಈಜು ಎಂದರೆ ಬಾವಿ, ಇಲ್ಲವೇ ತುಂಗಭದ್ರೆ. ಈಚೆಗೆ ರಜೆಯಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿ ಉಸಿರುಕೊಳವೆ ಧರಿಸಿ, ತೇಲುತ್ತ ಮೀನು ನೋಡಿ ಬರುವವರೂ ಇದ್ದಾರೆ. ಆಗ ಕಾಲಿಗೆ ತೊಡುವುದೇ ಈಜುರೆಕ್ಕೆ, ಅಂದರೆ ಫಿನ್ಸ್.

ಚಿತ್ರೀಕರಣಕ್ಕೆಂದು ಅಲ್ಲಿಗೆ ಹೋದಾಗ, ದೊಡ್ಡದಾದರೆ ವೇಗ ಹೆಚ್ಚೆಂದು ನಾನು ಉದ್ದನೆಯ ಗಡಸು ಜೋಡಿಯನ್ನೇ ಆರಿಸಿಕೊಂಡೆ. ವಿಜ್ಞಾನ ಓದಿದವನ ಲೆಕ್ಕಾಚಾರ ನೋಡಿ! ಹತ್ತೇ ನಿಮಿಷದಲ್ಲಿ ಮೀನಖಂಡ ಹಿಡಿದುಕೊಂಡು, ದೋಣಿಯವರು ನನ್ನನ್ನು ಎಳೆದುಕೊಳ್ಳಬೇಕಾಯಿತು. ದೊಡ್ಡ ರೆಕ್ಕೆ ಹೆಚ್ಚು ನೀರು ತಳ್ಳುತ್ತದೆ, ನಿಜ. ಆ ಬಲ ಬರಬೇಕಾದದ್ದು ನಮ್ಮ ಸ್ನಾಯುವಿನಿಂದಲೇ ಅಲ್ಲವೇ? ಬೆಂಜಮಿನ್ ಫ್ರಾಂಕ್ಲಿನ್ ಬಾಲ್ಯದಲ್ಲಿ ಕೈಗೆ ಮರದ ಹಲಗೆ ಹಿಡಿದು ಈಜಿದಾಗಲೂ ವೇಗ ಹೆಚ್ಚಿತು, ಆದರೆ ಮಣಿಕಟ್ಟು ಸೋತಿತು.

ತೇಲುತ್ತ ನೋಡುವವರಿಗೆ ಗಿಡ್ಡನೆಯ, ಬಳುಕುವ ರೆಕ್ಕೆ ಸಾಕು. ಬಸ್ಸಿನ ಪ್ರಯಾಣದಲ್ಲಿ ಚೀಲಕ್ಕೂ ಭಾರವಿಲ್ಲ. ಕೊಳ್ಳುವ ಮುನ್ನ ತೊಟ್ಟು ನೋಡಿ. ಬೆರಳು ಮಡಚಬಾರದು, ಹಿಮ್ಮಡಿ ಜಾರಬಾರದು. ಸಡಿಲವಾದರೆ ಚರ್ಮ ಉಜ್ಜಿ ಗುಳ್ಳೆಯೇಳುತ್ತದೆ, ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ. ನೀರಿನಲ್ಲಿ ಸೊಂಟದಿಂದ ಕಾಲಾಡಿಸಿ, ಮಂಡಿಯಿಂದಲ್ಲ. ದಡದಲ್ಲಿ ರೆಕ್ಕೆ ತೊಟ್ಟು ನಡೆಯಲೇಬೇಕಾದರೆ ಹಿಮ್ಮುಖವಾಗಿ ನಡೆಯಿರಿ.

ರೆಕ್ಕೆಯಿದೆಯೆಂದು ತೇಲುವ ಜಾಕೆಟ್ ಬಿಡಬೇಡಿ. ಅಭ್ಯಾಸಕ್ಕೆಂದು ನಮ್ಮ ಕಾಲುವೆಗಳಿಗಂತೂ ಇಳಿಯಲೇಬೇಡಿ, ಅಲ್ಲಿ ಸೆಳೆತ ಜೋರು, ಹತ್ತಲು ಆಸರೆ ಕಡಿಮೆ. ಈಜುಕೊಳದಲ್ಲಿ, ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ಎರಡು ದಿನ ತೊಟ್ಟು ರೂಢಿಸಿಕೊಳ್ಳಿ. ಕಾಲು ನೋಯುತ್ತದೆಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.