ಕಾವ್ಯದ ಖಳರು, ಹೊಲದ ಖಳರು

(ಉಪನ್ಯಾಸದ ಪಠ್ಯ)



ಮರೆಯಲಾಗದ ಖಳನಾಯಕ ಯಾರೆಂದು ಕೇಳಿದರೆ ಕನ್ನಡಿಗರು ಉತ್ತರಕ್ಕಾಗಿ ಹೆಚ್ಚು ಹೊತ್ತು ತಡಕಾಡುವುದಿಲ್ಲ. ರಾವಣ, ದುರ್ಯೋಧನ, ಶಕುನಿ, ಕೀಚಕ ಎಂಬ ಹೆಸರುಗಳು ನಾಲಿಗೆಯ ತುದಿಯಲ್ಲೇ ಇವೆ. ಚಲನಚಿತ್ರ ನೋಡಿ ಬೆಳೆದವರು ವಜ್ರಮುನಿಯವರನ್ನು ಸೇರಿಸುತ್ತಾರೆ. ಮಲೆನಾಡು, ಕರಾವಳಿಗಳವರಿಗಂತೂ ಯಕ್ಷಗಾನದ ಬಣ್ಣದ ವೇಷವೇ ಮೊದಲ ನೆನಪು. ನಡುರಾತ್ರಿಯಲ್ಲಿ ತೂಕಡಿಸುತ್ತಿದ್ದ ಮಕ್ಕಳು ಬೆಚ್ಚಿ ಏಳುವಂತೆ, ದೀವಟಿಗೆಯ ಬೆಂಕಿ ಭುಗಿಲೇಳುತ್ತಿರಲು, ಸಭೆಯ ಹಿಂದಿನಿಂದ ಅಬ್ಬರಿಸುತ್ತ ಬರುವ ಆ ವೇಷ ತಾನು ಯಾರೆಂಬುದನ್ನು ರಂಗಕ್ಕೇರುವ ಮೊದಲೇ ಸಾರಿಬಿಡುತ್ತದೆ. ಚೆಂಡೆ ಸಾರುತ್ತದೆ, ಮುಖದ ಮೇಲಿನ ಚಿಟ್ಟಿ ಸಾರುತ್ತದೆ. ಪ್ರೇಕ್ಷಕನಿಗೆ ಗೊಂದಲವೇ ಇಲ್ಲ.

ಹೊಲದಲ್ಲಿ, ಕಾಡಿನಲ್ಲಿ, ನದಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಖಳ ಚೆಂಡೆ ಬಾರಿಸಿಕೊಂಡು ಬರುವುದಿಲ್ಲ. ಹಾಗಿದ್ದೂ ಪರಿಸರ ಚಳವಳಿಯ ಸಭೆಗಳಲ್ಲಿ ಖಳನನ್ನು ಹೆಸರಿಸುವ ಆತುರ ಕಡಿಮೆಯೇನಲ್ಲ. ಈ ಆತುರವನ್ನು ಪರೀಕ್ಷಿಸಲು ಬಯಲುಸೀಮೆಯ ಒಂದು ಊರನ್ನು ಆರಿಸಿಕೊಳ್ಳುವುದು ಉಚಿತ. ಬೆಳಗಾವಿ ಜಿಲ್ಲೆಯ ಭೋಜ, ಮೊದಲು ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ, ಈಗ ನಿಪ್ಪಾಣಿ ತಾಲ್ಲೂಕಿನಲ್ಲಿರುವ ಗ್ರಾಮ. ಸಹ್ಯಾದ್ರಿಯಲ್ಲಿ ಹುಟ್ಟಿ ಕೊಲ್ಹಾಪುರ ಜಿಲ್ಲೆಯನ್ನು ಹಾದುಬರುವ ವೇದಗಂಗಾ ಮತ್ತು ದೂಧಗಂಗಾ ನದಿಗಳು ಈ ಊರಿನ ಪರಿಸರದಲ್ಲಿ ಸಂಗಮಿಸಿ, ಮುಂದೆ ಕೃಷ್ಣೆಯನ್ನು ಸೇರುತ್ತವೆ. ಗುಡ್ಡದವರ ಮಳೆ ಕೊನೆಗೆ ಭೋಜದವರ ಹೊಲಕ್ಕೆ ಬರುತ್ತದೆ. ಆದ್ದರಿಂದ ಬೆಟ್ಟದ ಮೇಲಿನವರಿಗೆ ಈ ಊರು ಪರಕೀಯವಲ್ಲ.

ನದಿ, ಹೊಲಗಳ ಮಾತಿಗೆ ಮುನ್ನ ಕಾವ್ಯದ ಖಳರನ್ನು ಸ್ವಲ್ಪ ನೋಡಬೇಕು. ಏಕೆಂದರೆ ಭೋಜದ ಸುತ್ತಲಿನ ಹಳ್ಳಿಗಳಲ್ಲಿ ಜೈನ ಒಕ್ಕಲು ಮನೆತನಗಳು ಬಹಳ. ಖಳನ ವಿಷಯದಲ್ಲಿ ಅತ್ಯಂತ ಗಂಭೀರವಾಗಿ ಯೋಚಿಸಿದವರು ಕನ್ನಡದ ಜೈನ ಕವಿಗಳೇ. ಮುಧೋಳದ ರನ್ನ ಹತ್ತನೆಯ ಶತಮಾನದ ಕೊನೆಯಲ್ಲಿ ಗದಾಯುದ್ಧವನ್ನು ಬರೆದಾಗ ಕಥಾನಾಯಕ ಭೀಮ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಹೆಣಗಳ ನಡುವೆ ನಡೆಯುತ್ತ ಅವನು ಕರ್ಣನಿಗಾಗಿ, ತಮ್ಮನಿಗಾಗಿ, ಮಗನಿಗಾಗಿ ಅಳುತ್ತಾನೆ. ಅಷ್ಟೇ ಅಲ್ಲ, ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ.ಶ್ರೀ. ಅವರು ಇದೇ ಕಾವ್ಯವನ್ನು ನಾಟಕವಾಗಿಸಿದಾಗ ದುರ್ಯೋಧನ ದುರಂತನಾಯಕನಾಗಿಯೇ ರಂಗಕ್ಕೆ ಬಂದ.

ಅಭಿನವ ಪಂಪನೆಂದು ಖ್ಯಾತನಾದ ನಾಗಚಂದ್ರನ ರಾವಣ ಇನ್ನೂ ಸೂಕ್ಷ್ಮ. ಜೈನ ರಾಮಾಯಣದಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ ವಂಶದ ಅರಸು. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತವುಳ್ಳವನು. ಸೀತೆಯನ್ನು ಕಂಡು ಅವನ ಮನಸ್ಸು ಜಾರುತ್ತದೆ. ಮುಂದೆ, ಅವಳು ರಾಮನಿಗೆ ಕೇಡಾದೀತೆಂಬ ದುಃಖದಿಂದ ಮೂರ್ಛೆ ಹೋಗುವುದನ್ನು ಕಂಡಾಗ ಅದೇ ಮನಸ್ಸು ತಿಳಿಯಾಗುತ್ತದೆ. ತಪ್ಪಾಯಿತೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಂಡೀತು! ಆದ್ದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಸೆರೆಹಿಡಿದು, ಆಮೇಲೆ ಔದಾರ್ಯದಿಂದ ಒಪ್ಪಿಸುವೆನೆಂದು ರಣರಂಗಕ್ಕೆ ಹೋಗಿ ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ತಿಳಿಯದೆ ಕೆಟ್ಟವನಲ್ಲ ಅವನು. ತಿಳಿದ ಮೇಲೂ ಒಂದು ದಿನದ ಮಟ್ಟಿಗೆ ಮುಂದೂಡಿ ಕೆಟ್ಟವನು. ಈ ರಾವಣನನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಕಬ್ಬಿನ ಗದ್ದೆಯಲ್ಲಿ ಅವನು ಮತ್ತೆ ಸಿಗುತ್ತಾನೆ.

ಭೋಜದ ಪಾಟೀಲ ಮನೆತನದಲ್ಲಿ 1872ರಲ್ಲಿ ಸಾತಗೌಡ ಎಂಬ ಬಾಲಕ ಜನಿಸಿದ. ತಾಯಿಯ ತವರಾದ ಯಳಗುಡದಲ್ಲಿ ಹೆರಿಗೆಯಾಯಿತು, ಬೆಳೆದದ್ದು ಭೋಜದಲ್ಲಿ. ಮುಂದೆ ಆಚಾರ್ಯ ಶಾಂತಿಸಾಗರರೆಂದು ಪ್ರಸಿದ್ಧರಾಗಿ, ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರು ಇವರೇ. ಇವರ ಚರಿತ್ರೆ ಬರೆದವರು ಗೃಹಸ್ಥಾಶ್ರಮದ ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಬೆಳೆ ಕಾಯಲು ಹೊಲಕ್ಕೆ ಹೋದ ಸಾತಗೌಡರು ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ, ಬದಲಿಗೆ ಅವುಗಳಿಗೆ ಕುಡಿಯಲು ನೀರು ಇಡುತ್ತಿದ್ದರು ಎಂಬುದು ಆ ಪ್ರಸಂಗ.

ಇದನ್ನು ಭಕ್ತರು ಅಹಿಂಸೆಯ ದೃಷ್ಟಾಂತವಾಗಿ ಓದುತ್ತಾರೆ, ಅದು ಸರಿಯೇ. ಕೃಷಿ ವಿಜ್ಞಾನದ ದೃಷ್ಟಿಯಿಂದಲೂ ಓದಬಹುದು. ಜೋಳದ ತೆನೆಗೆ ಎರಗುವ ಗುಬ್ಬಿ ರೈತನ ಕಣ್ಣಿಗೆ ಕಳ್ಳ. ಅದೇ ಗುಬ್ಬಿ ಮರಿ ಸಾಕುವ ಕಾಲದಲ್ಲಿ ಹುಳುಹುಪ್ಪಟೆಗಳನ್ನು ಹೆಕ್ಕಿ ಒಯ್ಯುತ್ತದೆ. ಚೀನಾದಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆಗಳ ಸಾಲಿಗೆ ಗುಬ್ಬಿಯನ್ನೂ ಸೇರಿಸಿ, ಅದು ಜನತೆಯ ಶತ್ರುವೆಂದು ಸರ್ಕಾರವೇ ಸಾರಿತು. ಊರಿಗೆ ಊರೇ ತಮಟೆ, ತಟ್ಟೆಗಳನ್ನು ಬಡಿದು, ಕೂರಲು ಎಡೆಗೊಡದೆ ಹಕ್ಕಿಗಳು ಬಳಲಿ ಬೀಳುವಂತೆ ಮಾಡಿತು. ಕೀಟಗಳ ಹಾವಳಿ ಏರಿತು. ಎರಡೇ ವರ್ಷಗಳಲ್ಲಿ, 1960ರಲ್ಲಿ, ಪಟ್ಟಿಯಿಂದ ಗುಬ್ಬಿಯ ಹೆಸರನ್ನು ತೆಗೆದು ತಿಗಣೆಯ ಹೆಸರನ್ನು ಬರೆಯಲಾಯಿತು. ಆ ಕಾಲದ ಘೋರ ಕ್ಷಾಮಕ್ಕೆ ಬೇರೆ ದೊಡ್ಡ ಕಾರಣಗಳಿದ್ದವು. ಆದರೆ ಗುಬ್ಬಿಯ ಮೇಲಿನ ಆ ಯುದ್ಧ ಹೊಲಕ್ಕೆ ಒಳಿತನ್ನಂತೂ ಮಾಡಲಿಲ್ಲ.

ಸಣ್ಣ ಜೀವಿಯನ್ನು ಖಳನಾಗಿಸಿ ಅದರ ಮೇಲೆ ದೊಡ್ಡ ಅಸ್ತ್ರ ಬಿಡುವ ಈ ಅಭ್ಯಾಸಕ್ಕೆ ಕನ್ನಡ ನೆಲದಲ್ಲೇ ಉದಾಹರಣೆ ಇದೆ. ಕಾಸರಗೋಡಿನ ಗೇರುತೋಟಗಳಲ್ಲಿ ಚಹಾ ಸೊಳ್ಳೆ ಎಂಬ ಕೀಟ ಚಿಗುರನ್ನು, ಹೂವನ್ನು ಹೀರಿ ಒಣಗಿಸುತ್ತದೆ. ಅದನ್ನು ಕೊಲ್ಲಲು 1970ರ ದಶಕದಿಂದ 2000ದವರೆಗೆ ಕೇರಳದ ಸರ್ಕಾರಿ ತೋಟಗಾರಿಕಾ ನಿಗಮ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಕೆಳಗೆ ಎಣ್ಮಕಜೆಯಂಥ ಗ್ರಾಮಗಳಲ್ಲಿ ಜನ ತೋಡಿನ ನೀರು, ಸುರಂಗದ ನೀರು ಕುಡಿಯುತ್ತಿದ್ದರು. ಡಾ. ವೈ.ಎಸ್. ಮೋಹನ ಕುಮಾರ್ ಅವರು ವೈದ್ಯರಾಗಿ ಕಂಡದ್ದನ್ನು, ಶ್ರೀಪಡ್ರೆಯವರು ಪತ್ರಕರ್ತರಾಗಿ ಕಂಡದ್ದನ್ನು ಬರೆದ ಮೇಲೆಯೂ ವಿಷ ನಿಲ್ಲಲು ವರ್ಷಗಳೇ ಬೇಕಾದವು. ಸರ್ವೋಚ್ಚ ನ್ಯಾಯಾಲಯ ದೇಶವ್ಯಾಪಿ ತಡೆ ನೀಡಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಆ ಊರಿನ ಹೆಸರನ್ನೇ ಹೊತ್ತ ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ 2009ರಲ್ಲೇ ಬಂದಿತ್ತು. ಪುಷ್ಪಕ ವಿಮಾನದಲ್ಲಿ ಬಂದ ರಾವಣನಿಗಾದರೂ ಮುಖವಿತ್ತು, ಜಟಾಯು ಅಡ್ಡಗಟ್ಟಬಹುದಿತ್ತು. ಹೆಲಿಕಾಪ್ಟರಿನ ಹಿಂದಿದ್ದದ್ದು ಕಡತ, ಟಿಪ್ಪಣಿ, ವಾರ್ಷಿಕ ಗುರಿ. ಯಾರೂ ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ. ಇದು ಅವರನ್ನು ಹೊಣೆಯಿಂದ ಬಿಡಿಸುವ ಮಾತಲ್ಲ. ಅಂಥ ಹೊಣೆಯನ್ನು ಹಿಡಿದು ನಿಲ್ಲಿಸಲು ಹದಿನೈದು ಇಪ್ಪತ್ತು ವರ್ಷ ಏಕೆ ಹಿಡಿಯುತ್ತದೆ ಎಂಬುದಕ್ಕೆ ಕಾರಣ ಮಾತ್ರ.

ಮತ್ತೆ ಭೋಜಕ್ಕೆ ಬರೋಣ. ಈ ಸೀಮೆಯಲ್ಲಿ ಖಳನೆಂದು ಹಳೆಯ ಕಾಲದಿಂದ ಹೆಸರಾದ ಬೆಳೆ ತಂಬಾಕು. ನಿಪ್ಪಾಣಿ ಎಂದರೆ ಬೀಡಿ ತಂಬಾಕಿನ ಪೇಟೆ. ಸೇದುವವನ ಶ್ವಾಸಕೋಶಕ್ಕೆ, ವಖಾರಗಳಲ್ಲಿ ತಂಬಾಕಿನ ಧೂಳು ಕುಡಿದು ದುಡಿದ ಹೆಂಗಸರಿಗೆ ಅದು ಮಾಡಿದ ಕೇಡು ಸಣ್ಣದಲ್ಲ. ಅಲ್ಲಿನ ಹೆಣ್ಣುಮಕ್ಕಳು ಸಂಘಟಿತರಾಗಿ ಹೋರಾಡಿದ್ದನ್ನು ಯುಗಾಂತರ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ಬೆಳೆದ ರೈತನೂ ಸುಖಿಯಾಗಿರಲಿಲ್ಲ. ನ್ಯಾಯವಾದ ಬೆಲೆಗಾಗಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆ ದಿನಗಳಲ್ಲಿ ಖಳ ಯಾರೆಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ರೈತನಿಗೆ ವ್ಯಾಪಾರಿ, ಕೂಲಿಯವಳಿಗೆ ವಖಾರದ ಮಾಲೀಕ, ವೈದ್ಯನಿಗೆ ಎಲೆ.

ಇದೇ ತಂಬಾಕು ಮಣ್ಣಿನ ದೃಷ್ಟಿಯಿಂದ ಅಂಥ ಖಳನಾಗಿರಲಿಲ್ಲ ಎಂಬುದು ಸೋಜಿಗ. ಬಹುಮಟ್ಟಿಗೆ ಮಳೆಯಾಶ್ರಯದಲ್ಲಿ ಬೆಳೆದು, ಬಿಸಿಲಿನಲ್ಲೇ ಒಣಗಿ ಹದವಾಗುವ ಬೆಳೆ ಅದು. ಅದಕ್ಕೆ ನೀರನ್ನು ಹರಿಬಿಡುವ ಅಗತ್ಯವಿರಲಿಲ್ಲ, ಸೌದೆ ಉರಿಸುವ ಅಗತ್ಯವೂ ಇರಲಿಲ್ಲ. ಅದರ ಜಾಗಕ್ಕೆ ನಾಯಕನ ಕಿರೀಟ ಧರಿಸಿ ಬಂದದ್ದು ಕಬ್ಬು. ನದಿಗೆ ಬ್ಯಾರೇಜುಗಳಾದವು, ಪಂಪುಸೆಟ್ಟುಗಳು ಬಂದವು, ಕಾರ್ಖಾನೆಗಳ ಚಿಮಣಿಗಳೆದ್ದವು. ಮಾಳಿಗೆ ಮನೆ, ಟ್ರ್ಯಾಕ್ಟರ್, ಮಕ್ಕಳ ಶಾಲೆ ಇವೆಲ್ಲ ಕಬ್ಬಿನ ಕೊಡುಗೆ ಎಂಬುದನ್ನು ಅಲ್ಲಗಳೆಯುವವರು ಆ ಊರುಗಳ ಹಳೆಯ ಬಡತನವನ್ನು ಮರೆತಿರಬೇಕು.

ಆದರೆ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಕುಡಿಯುವ ಕಬ್ಬು ನಿಂತಿರುವುದು ಎರೆಭೂಮಿಯಲ್ಲಿ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ, ನೀರು ಕೆಳಗಿಳಿಯುವುದು ಬಹು ನಿಧಾನ. ಹರಿಬಿಟ್ಟ ನೀರು ಅಡಿಯಲ್ಲಿ ಸಂಗ್ರಹವಾಗಿ ಅಂತರ್ಜಲ ಮೇಲೇರುತ್ತದೆ. ಅದು ನೆಲಮಟ್ಟಕ್ಕೆ ಒಂದೂವರೆ ಎರಡು ಮೀಟರಿನಷ್ಟು ಹತ್ತಿರ ಬಂದಾಗ, ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಏರುತ್ತದೆ. ಬಿಸಿಲಿಗೆ ನೀರು ಆರಿಹೋಗಿ, ಅದರೊಡನೆ ಬಂದ ಲವಣ ಮೇಲೆ ಉಳಿಯುತ್ತದೆ. ಬೇಸಗೆಯಲ್ಲಿ ಬೆಳ್ಳಗೆ ಕಾಣುವ ಆ ಪುಡಿಯೇ ಸವಳು, ನೀರು ಬಸಿಯದೆ ನಿಂತ ನೆಲ ಜವಳು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿದಂಡೆಯ ರೈತರಿಗೆ ಈ ಎರಡೂ ಪದಗಳ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಚ್ಚು ನೀರು ಕೆಡುಕೆಂಬುದೂ ಅವರಿಗೆ ಗೊತ್ತು. ಆದರೂ ರಾತ್ರಿ ಕರೆಂಟು ಬಂದಾಗ ಪಂಪು ಚಾಲೂ ಮಾಡಿ ಮಲಗುವುದು ತಪ್ಪುವುದಿಲ್ಲ. ನಾಳೆ ಕರೆಂಟು ಇರುತ್ತದೋ ಇಲ್ಲವೋ, ಪಕ್ಕದವನ ಕಬ್ಬು ಹಸಿರಾಗಿರುವಾಗ ತನ್ನದು ಬಾಡಿದರೆ ಊರವರು ಏನೆಂದಾರು! ಬರುವ ಹಂಗಾಮಿನಿಂದ ಹನಿ ನೀರಾವರಿ, ಈ ವರ್ಷ ಹೀಗೇ ಸಾಗಲಿ. ನಾಗಚಂದ್ರನ ರಾವಣ ಸೀತೆಯನ್ನು ನಾಳೆ ಒಪ್ಪಿಸುವೆನೆಂದದ್ದೂ ಇದೇ ಧಾಟಿಯಲ್ಲಿ.

ಇನ್ನು ನೆರೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ಈ ನದಿಗಳು ಉಕ್ಕಿದವು. ಕೊನೆಯ ಎರಡು ಸಲ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯ ನೀರು ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚಿತು. ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಸೇತುವೆಗಳು ಮುಳುಗುವುದು ಮಳೆಗಾಲದ ವಾರ್ತೆಗಳಲ್ಲಿ ವಾಡಿಕೆಯ ಸಾಲಾಗಿದೆ. ಆಗ ಭೋಜದ ಕಟ್ಟೆಯ ಮೇಲೆ ಕೇಳಿಬರುವ ಖಳನ ಹೆಸರು ಮೇಲಿನ ಕಾಳಮ್ಮವಾಡಿ ಅಣೆಕಟ್ಟು, ಇಲ್ಲವೇ ಕೊಯ್ನಾ. ಅದೇ ವಾರ ಕೊಲ್ಹಾಪುರ, ಸಾಂಗ್ಲಿಗಳಲ್ಲಿ ಕೇಳಿಬರುವ ಹೆಸರು ಕೆಳಗಿನ ಆಲಮಟ್ಟಿ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿದಾಗಿನಿಂದ ಆ ಹೆಸರಿಗೆ ಇನ್ನಷ್ಟು ಭಯ ಸೇರಿದೆ. 2019ರ ನೆರೆಯ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ, ಆ ನೆರೆಗೆ ಆಲಮಟ್ಟಿ ಕಾರಣವಲ್ಲವೆಂದು ಹೇಳಿತು. ಆಪಾದನೆ ಮಾತ್ರ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಘಟ್ಟದ ಮೇಲೆ ಸುರಿದ ಮಳೆ, ಕೃಷ್ಣೆ ತುಂಬಿ ನಿಂತಾಗ ಮುಂದೆ ಸಾಗಲಾರದೆ ಹಿಂದಕ್ಕೆ ಒತ್ತುವ ಉಪನದಿಗಳು, ನದಿಯ ಅಂಚಿನವರೆಗೂ ಬಂದು ನಿಂತ ಕಬ್ಬು, ನೀರಿನ ದಾರಿಗೆ ಅಡ್ಡವಾಗಿ ಎತ್ತರಿಸಿದ ರಸ್ತೆಗಳು, ಇವೆಲ್ಲವುಗಳ ಪಾತ್ರ ಹೇಳಲು ಒಂದು ಘೋಷಣೆ ಸಾಲದು. ಗುಡ್ಡದವರ ಬಾಯಲ್ಲಿಯೂ ಸಿದ್ಧ ಉತ್ತರವೊಂದಿದೆ. ಬಯಲಿನ ಕಬ್ಬಿನವರ ದಾಹಕ್ಕಾಗಿ ಘಟ್ಟದ ಕಣಿವೆಗಳು ಮುಳುಗಿದವು ಎಂಬುದು ಅದು. ಸುಳ್ಳಲ್ಲ. ಆದರೆ ಆ ಕಬ್ಬಿನವನ ಹೊಲ ಸವಳಾಗಿರುವುದನ್ನು ನೋಡದೆ ಆಡಿದ ಮಾತು.

ಸವಳು ಭೂಮಿಗೆ ಚಿಕಿತ್ಸೆ ಇಲ್ಲದಿಲ್ಲ. ಜಿಪ್ಸಂ, ಹಸಿರೆಲೆ ಗೊಬ್ಬರ, ನೀರಿನ ಮಿತಿ, ಎಲ್ಲಕ್ಕಿಂತ ಮುಖ್ಯವಾಗಿ ಬಸಿಗಾಲುವೆ. ಕಾಗವಾಡ ಭಾಗದ ಉಗಾರ ಬುದ್ರುಕದಲ್ಲಿ ನೆಲದೊಳಗೆ ರಂಧ್ರವಿರುವ ಪೈಪುಗಳನ್ನು ಹೂತು ಲವಣದ ನೀರನ್ನು ಹೊರಗೊಯ್ಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಈ ಕಾಮಗಾರಿಯ ತೊಡಕು ತಾಂತ್ರಿಕವಾದುದಲ್ಲ. ಬಸಿಗಾಲುವೆ ಒಬ್ಬನ ಬದುವಿಗೆ ಬಂದು ನಿಲ್ಲುವಂತಿಲ್ಲ. ಕೆಳಗಿನ ಹೊಲವನ್ನು ಹಾದು, ಅದರ ಕೆಳಗಿನದನ್ನೂ ಹಾದು ಹಳ್ಳವನ್ನು ಮುಟ್ಟಬೇಕು. ನಡುವಿನ ಒಬ್ಬ ಒಲ್ಲೆನೆಂದರೆ ಮೇಲಿನ ಹತ್ತು ಹೊಲಗಳೂ ಜವಳಾಗಿಯೇ ಉಳಿಯುತ್ತವೆ. ಆದ್ದರಿಂದ ಅಗೆತಕ್ಕೆ ಮುನ್ನ ಮೇಲಿನ ಹೊಲದವನು ಕೆಳಗಿನವನ ಮನೆಯ ಪಡಸಾಲೆಗೆ ಹೋಗಿ ಕುಳಿತು ಒಪ್ಪಿಗೆ ಕೇಳಬೇಕಾಗುತ್ತದೆ. ಎಷ್ಟೋ ಸಲ ಅದು, ಇದೇ ನೀರಿನ ಸಲುವಾಗಿ ಮಾತು ಬಿಟ್ಟು ವರ್ಷಗಳಾದ ಮನೆ.