ಹಕ್ಕು ಹೋದದ್ದು ಯಾರ ತಪ್ಪಿನಿಂದ?



ಅಮೆರಿಕದ ಸುದ್ದಿ ನಮಗ್ಯಾಕ ಅನ್ನಬ್ಯಾಡ್ರಿ. ಕೈಯಾಗಿದ್ದ ಹಕ್ಕು ಹ್ಯಾಂಗ ಜಾರತದ ಅನ್ನೋದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 'ರೋ' ಪ್ರಕರಣದಲ್ಲಿ ಗರ್ಭಪಾತವನ್ನು ಹೆಣ್ಣಿನ ಹಕ್ಕೆಂದು ಒಪ್ಪಿತು. 2022ರ ಜೂನ್ 24ರಂದು ಅದೇ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹಲವು ರಾಜ್ಯಗಳು ನಿಷೇಧ ಹಾಕಿದವು.

ತಪ್ಪು ಯಾರದು? ಕೆಲವರು ಮತದಾರರದು ಅಂತಾರ. 2016ರಲ್ಲಿ ಟ್ರಂಪ್ ತಾನು ಎಂಥ ನ್ಯಾಯಾಧೀಶರನ್ನು ತರುತ್ತೇನೆಂದು ಮುಚ್ಚಿಟ್ಟಿರಲಿಲ್ಲ. ಗೆದ್ದು ಮೂವರನ್ನು ನೇಮಿಸಿದರು. ರೋ ರದ್ದು ಮಾಡಿದ ಐವರಲ್ಲಿ ಆ ಮೂವರೂ ಇದ್ದರು. ಆ ಚುನಾವಣೆಯಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಓಟೇ ಹಾಕಲಿಲ್ಲ. ಮಾತು ಖರೆ. ಆದರೆ ಸೋತ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಓಟು ಜಾಸ್ತಿ ಬಿದ್ದಿದ್ದವು. ಹಂಗಾದರ ಎಲ್ಲಾ ತಪ್ಪು ಮಂದೀದು ಅನ್ನೋದು ಹ್ಯಾಂಗ?

ಇನ್ನು ನಾಯಕರನ್ನು ನೋಡಿ. ಹಕ್ಕು ಕಾಯುತ್ತೇವೆ ಎಂದ ಪಕ್ಷಕ್ಕೆ 2009ರಲ್ಲಿ ಅಧ್ಯಕ್ಷಗಿರಿಯೂ ಎರಡೂ ಸದನಗಳೂ ಕೈಯಲ್ಲಿದ್ದವು. ಆದರೂ ರೋ ತೀರ್ಪನ್ನು ಕಾನೂನಾಗಿ ಬರೆಯಲಿಲ್ಲ. ಹಕ್ಕು ಹೋಗುವ ಭಯ ತೋರಿಸಿದರೆ ಓಟು ಬರುತ್ತದೆ, ಹಕ್ಕು ಗಟ್ಟಿಯಾದರೆ ಭಯ ಹೋಗುತ್ತದೆ. ಈ ಆಟ ನಮಗೂ ಹೊಸದಲ್ಲ.

ಇನ್ನೊಂದು ಮಾತು ಗಮನಿಸ್ರಿ. ಬಡವರ ಸರಕಾರಿ ಆರೋಗ್ಯ ಯೋಜನೆಯ ಕೇಂದ್ರದ ಹಣವನ್ನು ಗರ್ಭಪಾತಕ್ಕೆ ಕೊಡಬಾರದೆಂದು 1976ರಲ್ಲೇ ಅಲ್ಲಿನ ಸಂಸತ್ತು ನಿರ್ಧರಿಸಿತು. ರೊಕ್ಕ ಇದ್ದವರ ಹಕ್ಕು ಉಳಿಯಿತು. ಬಡ ಹೆಣ್ಮಕ್ಕಳದು, ಅವರಲ್ಲಿ ಕಪ್ಪು ಹೆಣ್ಮಕ್ಕಳೂ ಬಹಳ, ಅಂದೇ ಅರ್ಧ ಹೋಯಿತು. ಕೆಳಗಿನವರ ಹಕ್ಕು ಹೋದಾಗ ಮೇಲಿನವರು ಸುಮ್ಮನಿದ್ದರೆ, ನಾಳೆ ಅವರ ಬಾಗಿಲಿಗೂ ಬರುತ್ತದೆ.

ಆದ್ದರಿಂದ ನನ್ನ ಲೆಕ್ಕದಲ್ಲಿ ದೊಡ್ಡ ಪಾಲು ನಾಯಕರದು. ಅಧಿಕಾರ ಇದ್ದವನಿಗೇ ಹೊಣೆ ಜಾಸ್ತಿ. ಮತದಾರರ ಪಾಲೂ ಇದೆ. 2022ರ ಆಗಸ್ಟ್‌ನಲ್ಲಿ ಕಾನ್ಸಾಸ್ ರಾಜ್ಯದ ಜನಕ್ಕೆ ನೇರ ಪ್ರಶ್ನೆ ಇಟ್ಟಾಗ, ಸುಮಾರು 59% ಜನ ಹಕ್ಕಿನ ಪರ ನಿಂತರು. ನಿಲ್ಲುವ ಶಕ್ತಿ ಇತ್ತು. ಆದರೆ ಎಚ್ಚರಾದದ್ದು ಕಳಕೊಂಡ ಮೇಲೆ.

ನಮ್ಮ ಕಡೆ ಬರೋಣ. 1938ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನಸಭೆಗೆ ಸಂತಾನ ನಿಯಂತ್ರಣದ ಠರಾವು ಕಳಿಸಿದ್ದರು. ಅವರ ಪಕ್ಷದ ರೋಹಮ್ ಮಂಡಿಸಿದರು, ಸಭೆ ತಿರಸ್ಕರಿಸಿತು. ನಮ್ಮ ಸೋಲಾಪುರವೂ ಅಂದು ಅದೇ ಪ್ರಾಂತದಲ್ಲಿತ್ತು. ಇಂದು 1971ರ ಗರ್ಭಪಾತ ಕಾನೂನು ಇದೆ, 2021ರಲ್ಲಿ ತಿದ್ದುಪಡಿಯೂ ಆಗಿದೆ. ವಯಸ್ಕ ಹೆಣ್ಣಿಗೆ ಆಕೆಯ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಇದು ನಮ್ಮ ಓಣಿಯ ಎಷ್ಟು ಅಕ್ಕಂದಿರಿಗೆ ಗೊತ್ತದ? ತಾಲೂಕಿನ ಸರಕಾರಿ ದವಾಖಾನ್ಯಾಗ ಈ ಸೇವೆ ಸಿಗತದೋ ಇಲ್ಲೋ, ನಾವು ಯಾವತ್ತಾದರೂ ಕೇಳೀವೇನು?

ಓಟು ಕೇಳಲು ಬಂದವರಿಗೆ ಮೊದಲು ಈ ಪ್ರಶ್ನೆ ಹಾಕ್ರಿ. ಗೆದ್ದ ಮ್ಯಾಲೂ ಹೋಗಿ ಅದನ್ನೇ ಕೇಳ್ರಿ.

ಜೈ ಭೀಮ್.