ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆ



ತೆಕ್ಕಟ್ಟೆಯ ವ್ಯಾಪಾರಿಯಾದ ನನಗೆ ಲೆಕ್ಕವೆಂದರೆ ಕಿರ್ದಿ-ಖಾತೆ. ನಮ್ಮ ಆಚಾರ್ಯರಿಗೆ ಅದು ತತ್ತ್ವದರ್ಶನದ ಸಾಧನ. 9ನೆಯ ಶತಮಾನದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯಾವಿಚಾರವಿದೆ. ಎರಡನ್ನು ವರ್ಗಿಸುತ್ತ ಹೋದರೆ 4, 16, 256, 65536. ಮುಂದೆ ಬರುವ ಐದನೆಯ, ಆರನೆಯ ವರ್ಗಗಳ ಗುಣಲಬ್ಧವು 79228162514264337593543950336. ಇಷ್ಟು ದೊಡ್ಡದಾದರೂ ತೊಂಬತ್ತಾರು ಸಲ ಅರ್ಧಿಸಿದರೆ ಉಳಿಯುವುದು ಒಂದೇ! ಈ ಎಣಿಕೆಗೆ ‘ಅರ್ಧಚ್ಛೇದ’ವೆಂದು ಹೆಸರು, ಎರಡನ್ನು ಆಧಾರವಾಗಿಟ್ಟ ಇಂದಿನ ಲಾಗರಿದಮ್ ಇದುವೇ.

ಈ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದುದು ನಮ್ಮ ಮೂಡುಬಿದಿರೆ. ಕಾಪಾಡಿದೆವು, ಪೂಜಿಸಿದೆವು, ಓದಿದವರು ವಿರಳ. ಈ ಬಸದಿಯಲ್ಲಿ ಅಭಿಷೇಕದ ಘಂಟಾನಾದದೊಡನೆ ಮಕ್ಕಳ ಸ್ವಾಧ್ಯಾಯದ ಧ್ವನಿಯೂ ಕೇಳಿಬರಲಿ. ಜಿನಬಿಂಬಕ್ಕೆ ಪ್ರತಿಷ್ಠೆಯಾಯಿತು, ಶ್ರುತಕ್ಕೂ ಆಗಲಿ.

ಜೈ ಜಿನೇಂದ್ರ.